ಮೂವತ್ತೆಂಟು ರೀಡಿಂಗು

ಎಲ್ಲಿಂದ ಶುರು ಮಾಡಲಿ? ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಶಾಲೆಯ ಲ್ಯಾಬಿಗೆ ಬೆಂಕಿ ಬಿದ್ದಿತ್ತು. ಕೆಮಿಸ್ಟ್ರಿ ಟೀಚರು ಓದಿ, "ನಮ್ಮ ಗ್ಯಾಸ್ ಖಾಲಿಯಾಗಿ ಎರಡು ವರ್ಷ ಆಯ್ತು. ಬೆಂಕಿ ಎಲ್ಲಿಂದ ತಂದ್ರಿ?" ಅಂದರು. ಹರಿದು ಹಾಕಿದೆ.

೧. ಹೆಡ್‌ಮಿಸ್ಟ್ರೆಸ್ ಟೀಚರನ್ನು ಕರೆಸಿ ಹೇಳಿದರು: "ಒಂದೇ ಪ್ರಯೋಗ ಕಂಪ್ಯೂಟರ್‌ನಲ್ಲೂ ಮಾಡಿಸಿ, ಲ್ಯಾಬಲ್ಲೂ ಮಾಡಿಸಿ. ಯಾವುದು ವಾಸಿ ಅಂತ ವರದಿ ಕೊಡಿ. ಎರಡಕ್ಕೂ ನಮ್ಮಲ್ಲಿ ಜಾಗ ಇಲ್ಲ."

೨. ಕಂಪ್ಯೂಟರ್ ರೂಮಲ್ಲಿ ಇಪ್ಪತ್ತೇ ನಿಮಿಷ. ಮೌಸ್ ಒತ್ತಿದರೆ ಬ್ಯೂರೆಟ್ಟಿನ ಗಾಜಿನ ನಳಿಕೆಯಿಂದ ಕ್ಷಾರದ ಹನಿ. ಕೆಳಗಿನ ಆಮ್ಲ ಗುಲಾಬಿಯಾದರೆ ಮುಗಿಯಿತು. ಮೂವತ್ತೆಂಟು ಮಕ್ಕಳಿಗೂ ಹಿಡಿದ ಕ್ಷಾರ ೨೪.೬ ಮಿ.ಲೀ. ಯಾರೂ ಏನೂ ಕೇಳಲಿಲ್ಲ. (ಟೀಚರು ಕುರ್ಚಿ ಬಿಟ್ಟು ಏಳಲೇ ಇಲ್ಲ. ಸುಳ್ಳು ಯಾಕೆ, ಅವರಿಗೆ ಹಾಯೆನಿಸಿತು.)

೩. ಮಾರನೇ ದಿನ ಲ್ಯಾಬು. ಬಿಗಿದುಕೊಂಡ ಬ್ಯೂರೆಟ್ ತಿರುಪುಗಳಿಗೆ ಅಟೆಂಡರು ವ್ಯಾಸಲಿನ್ ಸವರಿಕೊಟ್ಟರು. ಒಬ್ಬಳದು ಸೋರಿತು, ಒಬ್ಬ ಹರಟುತ್ತ ಹನಿ ಹೆಚ್ಚು ಬಿಟ್ಟು ಕಡುಗುಲಾಬಿ ಮಾಡಿಕೊಂಡ. ರೀಡಿಂಗು ಇಪ್ಪತ್ತೊಂದರಿಂದ ಮೂವತ್ತರವರೆಗೆ. ವರ್ಷವಿಡೀ ಬಾಯಿಬಿಡದ ಕೊನೇ ಬೆಂಚಿನ ಹುಡುಗಿ ಮೂರು ಸಲ ಮಾಡಿದಳು. ಮೂರು ಸಲವೂ ೨೬.೧.

"ಮಿಸ್, ನಾನು ತಪ್ಪಾ, ಕಂಪ್ಯೂಟರ್ ತಪ್ಪಾ?"

"ಯಾರೂ ತಪ್ಪಲ್ಲ. ಕ್ಷಾರದ ಬಾಟಲಿ ಹಳೇದು. ಗಾಳಿ ತಾಗಿ ಕಸುವು ಕುಗ್ಗಿದೆ. ಅದಕ್ಕೇ ಹೆಚ್ಚು ಹಿಡೀತು."

"ಹಾಗಾದ್ರೆ ಹೊಸ ಬಾಟಲಿಯಲ್ಲಿ ಮಾಡಿ ನೋಡ್ಲಾ?"

"ಹೊಸದಿಲ್ಲಮ್ಮ."

ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತಳು.

೪. ಮಕ್ಕಳು ಹೋದಮೇಲೆ ಅಟೆಂಡರು ರೀಡಿಂಗಿನ ಪಟ್ಟಿ ನೋಡಿದರು. "ಮೇಡಂ, ಇದನ್ನ ಕಳಿಸಿದ್ರೆ ನಾಳೆನೇ ಬೀಗ. ಇಪ್ಪತ್ನಾಲ್ಕರ ಹತ್ತಿರ ತಿದ್ದಿಬಿಡಿ. ಲ್ಯಾಬೂ ಉಳಿಯುತ್ತೆ, ನಾನೂ ಉಳೀತೀನಿ."

(ನಾನೂ ದನಿಗೂಡಿಸಿದೆ: ತಿದ್ದಿ, ಕಥೆಗೊಂದು ತಿರುವು ಸಿಗುತ್ತೆ. "ನೀವು ಸುಮ್ನಿರಿ" ಅಂದರು ಟೀಚರು.)

ಟೀಚರು ಪೆನ್ನು ತೆಗೆದರು. ೨೬.೧ರ ಮೇಲೆ ತಂದು ನಿಲ್ಲಿಸಿದರು. "ಆ ಹುಡುಗಿ ಮೂರು ಸಲ ನಿಂತು ಮಾಡಿದ್ದಾಳೆ. ಅದರ ಮೇಲೆ ಹೇಗೆ ಗೀಟು ಹಾಕ್ಲಿ?" ಅಂದರು. ಮೂವತ್ತೆಂಟನ್ನೂ ಇದ್ದ ಹಾಗೇ ವರದಿಗೆ ಇಳಿಸಿ, ಸಹಿ ಮಾಡಿದರು. ಅಟೆಂಡರು ಬೀಕರು ತೊಳೆಯಲು ಹೋದರು.

೫. ಮುಕ್ತಾಯ ಒಂದು: ಹೆಡ್‌ಮಿಸ್ಟ್ರೆಸ್ ಮನಸ್ಸು ಕರಗಿತು. (ಟೀಚರು ಹೊಡೆದುಹಾಕಿದರು: "ಅವರು ಕರಗೋರಲ್ಲ, ಸುಸ್ತಾದೋರು. ನನ್ನ ಹಾಗೇ.") ಮುಕ್ತಾಯ ಎರಡು: ಬೀಗ ಬಿತ್ತು, ಅಟೆಂಡರು ಅತ್ತರು. ("ನಾನು ಅಳೋನಲ್ಲ" ಅಂತ ಅವರೇ ಹೊಡೆದುಹಾಕಿದರು.)

ವರದಿ ಹನ್ನೊಂದು ದಿನದಿಂದ ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲೆ ಫೈಲಿನಡಿ ಬಿದ್ದಿದೆ. ಟೈಮ್‌ಟೇಬಲ್ಲಿನಲ್ಲಿ ಲ್ಯಾಬ್ ಪೀರಿಯಡ್ಡನ್ನು ಯಾರೂ ಅಳಿಸಿಲ್ಲ. ಈಗ ಬೆಲ್ ಹೊಡೆಯಿತು. ಏನಂತ ಮುಗಿಸಲಿ ಎಂದು ಕೇಳಿದೆ.

"ಆಮೇಲೆ ಬನ್ನಿ," ಅಂದರು ಟೀಚರು, "ಮಕ್ಕಳು ಲ್ಯಾಬ್ ಬಾಗಿಲಲ್ಲಿ ನಿಂತಿದ್ದಾರೆ."