ಗೋಪುರದ ಬುಡ

ಚರಿತ್ರಕಾರರು ಮರೆಯದೆ ಬರೆದಿಡಬೇಕಾದ ಗಂಭೀರ ಸಂಗತಿಯೆಂದರೆ, ತರಗೋನ ಪಟ್ಟಣದ ಪಕ್ಕದ ಈ ಊರಿನಲ್ಲಿ ಅರವತ್ತೊಂದರ ರೆಮೇಯ್ ಒಂದು ಕಪ್ಪು ನಡುಪಟ್ಟಿ ಕೊಂಡಳು. ಹಬ್ಬದ ದಿನ ಚೌಕದಲ್ಲಿ ಹೆಗಲ ಮೇಲೆ ಹೆಗಲೇರಿ ಮನುಷ್ಯರ ಗೋಪುರ ಕಟ್ಟುವವರು ಅದನ್ನು ಸೊಂಟಕ್ಕೆ ಬಿಗಿಯುತ್ತಾರೆ. ತುದಿಗೆ ಹತ್ತಿ ಕೈಯೆತ್ತುವುದು ಮಾತ್ರ ಮಗುವಿನ ಕೆಲಸ. ಆ ಮಗು ತಾನೇ ಆಗಬೇಕೆಂದು ರೆಮೇಯ್ ಚಿಕ್ಕಂದಿನಲ್ಲಿ ಹಟ ಹಿಡಿದಿದ್ದಳು. ಆಗ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ಸೇರಿಸತೊಡಗುವ ಹೊತ್ತಿಗೆ ಅವಳಿಗೇ ಎರಡು ಮಕ್ಕಳಿದ್ದವು.

ಅಭ್ಯಾಸದ ಮೊದಲ ದಿನವೇ ತಂಡದ ಮುಖ್ಯಸ್ಥ ಫೆಲಿಯುವನ್ನು ಕೇಳಿಬಿಟ್ಟಳು: "ತುದಿ ಬೇಡ ಕಣಪ್ಪ, ಯಾರದಾದ್ರೂ ಒಬ್ಬರ ಹೆಗಲ ಮೇಲೆ ನಿಲ್ಲಿಸು, ಸಾಕು."

"ಅಮ್ಮಾ, ನಿಮ್ಮನ್ನ ಹೊರೋ ಹೆಗಲನ್ನ ಯಾವ ತಾಯಿ ಹೆತ್ತಿದಾಳೆ? ಬುಡದ ಗುಂಪಲ್ಲಿ ನಿಂತ್ಕೊಳ್ಳಿ. ಗದ್ದ ಎದೆಗೊತ್ತಿರಬೇಕು. ತಲೆ ಎತ್ತಿದಾಗ ಯಾರಾದ್ರೂ ಮೇಲೆ ಬಿದ್ರೆ ಕತ್ತು ಮುರಿಯುತ್ತೆ."

"ಹಾಗಾದ್ರೆ ಗೋಪುರ ಕಾಣಲ್ವಾ?"

"ಬುಡದೋರಿಗೆ ಯಾವತ್ತು ಕಂಡಿದೆ? ಆಮೇಲೆ ಫೋನಲ್ಲಿ ನೋಡ್ಕೊಳ್ಳಿ."

ಹಬ್ಬದ ದಿನ ಮುಂದಿನವನ ಬೆವರಿದ ಬೆನ್ನಿಗೆ ಕೈಯೊತ್ತಿ, ತಲೆ ತಗ್ಗಿಸಿ ನಿಂತಳು. ಬರಿಗಾಲುಗಳು ಒಂದರ ಹಿಂದೊಂದು ಅವಳ ಹೆಗಲು ತುಳಿದು ಹತ್ತಿದವು. ಕೊನೆಯದು ತೂಕವೇ ಇಲ್ಲದ ಪುಟ್ಟ ಪಾದ. ಸ್ವಲ್ಪ ಹೊತ್ತಿಗೆ ಚೌಕವೆಲ್ಲ ಕೂಗಿತು: ಮಗು ಕೈಯೆತ್ತಿತ್ತು. ರೆಮೇಯ್ ಎದುರಿನ ಅಂಗಿಯ ಹೊಲಿಗೆಯನ್ನು ನೋಡುತ್ತಿದ್ದಳು.

ಮನೆಯಲ್ಲಿ ಅಕ್ಕ ಎಂಗ್ರಾಸಿಯ ಕಾದಿದ್ದಳು. "ಎಷ್ಟು ಚೆಂದ ಇತ್ತು ಕಣೇ! ನಮ್ಮ ಕಿಟಕಿಯಿಂದ ಪೂರ್ತಿ ಕಂಡಿತು. ಐವತ್ತು ವರ್ಷ ಜೊತೇಲಿ ನೋಡಿದ್ವಿ, ಇವತ್ತೇ ನೀನಿಲ್ಲ ನೋಡು."

ಬುಡದಲ್ಲಿ ನಿಂತರೆ ಗೋಪುರ ಕಾಣದು, ಕಿಟಕಿಯಲ್ಲಿ ನಿಂತರೆ ಆ ಪುಟ್ಟ ಪಾದ ಹೆಗಲಿಗೆ ತಾಗದು. ಮರುವರ್ಷ ರೆಮೇಯ್ ತಂಡಕ್ಕೂ ಹೋಗಲಿಲ್ಲ, ಕಿಟಕಿಗೂ ಬರಲಿಲ್ಲ.