ಹಾಡಿನ ನಡುವಿನ ಮೌನ

ಶಟರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಗುಂಗುರು ಕೆಳಗೆ ಕೈಕೊಟ್ಟು ಮತ್ತೊಮ್ಮೆ ಎತ್ತಿದ. ಅದು ಕಿರ್ರೆಂದು ಹಟ ಹಿಡಿಯಿತು.

"ಎಡಗಡೆ ಒಂದು ಒದ್ದು ಎತ್ತಿ, ಚಿಕ್ಕಪ್ಪ," ಎಂದಳು ಮೇಸ್ತ್ರಿಯ ಮಗಳು. "ಅಪ್ಪ ಹಾಗೇ ಮಾಡ್ತಿದ್ದಿದ್ದು."

ಬೀದಿಯವರ ಸ್ಕೂಟರುಗಳನ್ನೆಲ್ಲ ರಿಪೇರಿ ಮಾಡಿದ ಪುಣ್ಯಾತ್ಮ, ತನ್ನ ಶೆಡ್ಡಿನ ಶಟರಿಗೆ ಒಂದು ತೊಟ್ಟು ಎಣ್ಣೆ ಬಿಟ್ಟಿರಲಿಲ್ಲ! ಗುಂಗುರು ಒದ್ದ. ಶಟರ್ ದಡದಡನೆ ಮೇಲೇರಿತು. ಮಹಡಿಯ ಮನೆಯ ಮೆಟ್ಟಿಲು ಕಿರಿದು, ಶವಪೆಟ್ಟಿಗೆ ತಿರುಗುವುದಿಲ್ಲವೆಂದು ಮೇಸ್ತ್ರಿಯನ್ನು ಶೆಡ್ಡಿನೊಳಗೆ, ಅವನು ದಿನವೂ ಕೆಲಸ ಮಾಡುತ್ತಿದ್ದ ಮೇಜಿನ ಮೇಲೆಯೇ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹನ್ನೊಂದಕ್ಕೆ ವ್ಯಾನು ಹೊರಡಬೇಕಿತ್ತು.

ಗುಂಗುರುವಿನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕುರ್ಚಿ ಕೊಟ್ಟರು, ಕೂತ, ಎದ್ದ. ನೀರು ಕೊಟ್ಟರು, ಕುಡಿಯದೆ ಲೋಟ ಹಿಡಿದುಕೊಂಡೇ ಬೀದಿಗೆ ಹೋಗಿ ಬಂದ. ನಲವತ್ತು ವರ್ಷಗಳ ಹಿಂದೆ ತಲೆತುಂಬ ಗುಂಗುರು ಕೂದಲಿದ್ದಾಗ ಮೇಸ್ತ್ರಿಯೇ ಇಟ್ಟ ಹೆಸರು ಅದು. ಕೂದಲು ಹೋದರೂ ಹೆಸರು ಹೋಗಿರಲಿಲ್ಲ.

"ನನ್ನ ಸ್ಕೂಟರು ಮೂರು ವಾರದಿಂದ ಇಲ್ಲೇ ಬಿದ್ದಿದೆ," ಎಂದಳು ಎದುರಿನ ಬೇಕರಿಯಾಕೆ, ಮೂಗೊರೆಸಿಕೊಳ್ಳುತ್ತ. "ಸೋಮವಾರ ಕೇಳಿದ್ರೂ ಅದೇ ಮಾತು, ನಾಳೆ ಬನ್ನಿ."

"ನನ್ನ ಮದುವೆ ದಿನಾನೂ ಅಪ್ಪ ಒಬ್ಬರಿಗೆ ನಾಳೆ ಬನ್ನಿ ಅಂದೇ ಮಂಟಪಕ್ಕೆ ಬಂದಿದ್ದು," ಎಂದಳು ಮಗಳು. ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಅಳು ಬಂತು.

ಮೇಜಿನ ಪಕ್ಕ ಕೂತಿದ್ದ ಮೇಸ್ತ್ರಿಯ ಹೆಂಡತಿ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಕೈಸನ್ನೆ ಮಾಡಿ ಗುಂಗುರುವನ್ನು ಕರೆದಳು.

"ನಿನ್ನ ಹತ್ರ ಅವರ ದನಿ ಏನಾದ್ರೂ ಇದೆಯೇನೋ?"

"ದನಿ?"

"ಫೋಟೋ ಬೇಕಾದಷ್ಟಿದೆ. ದನಿ ಒಂದೂ ಇಲ್ಲ. ರೆಕಾರ್ಡ್ ಮಾಡೋಕೆ ಫೋನ್ ಎತ್ತಿ ಹಿಡಿದ್ರೆ ಸಾಕು, ಬಾಯಿಗೆ ಬೀಗ ಬೀಳ್ತಿತ್ತು. ನಿನ್ನೆ ರಾತ್ರಿಯಿಂದ ನೆನಪು ಮಾಡ್ಕೊಳ್ತಾ ಇದೀನಿ, ಆಗಲೇ ಸರಿಯಾಗಿ ಬರ್ತಿಲ್ಲ ಕಣೋ. ನೀವು ಆಗ ಟೇಪ್ ಮಾಡಿದ್ರಲ್ಲ, ಅದರಲ್ಲೆಲ್ಲಾದರೂ ಒಂದು ಮಾತು?"

ಗುಂಗುರು ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಇಲ್ಲ ಅತ್ತಿಗೆ. ಅವನು ಬರೀ ಡ್ರಮ್ ಬಾರಿಸಿದ್ದು," ಎಂದವನೇ ಮತ್ತೆ ಬೀದಿಗೆ ಹೋದ.

*

ನಲವತ್ತು ವರ್ಷದ ಹಿಂದೆ, ಇದೇ ಶೆಡ್ಡು, ಇದೇ ಶಟರ್. ಪೂರ್ತಿ ಕೆಳಗೆಳೆದಿದ್ದರು. ಗುಂಗುರು ಗಿಟಾರು, ಮೇಸ್ತ್ರಿ ಡ್ರಮ್, ಈಗ ಬದುಕಿಲ್ಲದ ಮೂರನೆಯವನೊಬ್ಬ ಹಾಡುಗಾರ. ಮೂವರಿಗೂ ಇಪ್ಪತ್ತು ದಾಟಿರಲಿಲ್ಲ. ಎರವಲು ತಂದ ಟೇಪ್ ರೆಕಾರ್ಡರನ್ನು ಸಂಜೆಗೆ ಹಿಂತಿರುಗಿಸಬೇಕಿತ್ತು. ಐದು ಸಲ ರೆಕಾರ್ಡಿಂಗ್ ಕೆಟ್ಟಿತು. ಆರನೆಯ ಸಲ ಹಾಡು ಹತ್ತಿಕೊಂಡಿತು. ಗೋಡೆಯ ಸ್ಪ್ಯಾನರುಗಳೆಲ್ಲ ಅದುರುತ್ತಿದ್ದವು.

ಅರ್ಧ ಹಾಡಿಗೆ ಯಾರೋ ಶಟರ್ ಬಡಿದರು. "ಗಾಡಿ ಆಯ್ತಾ?"

ಗಿರಾಕಿ ಎಂದರೆ ಮೇಸ್ತ್ರಿಯ ಕೈ ತಾನಾಗಿ ನಿಲ್ಲುತ್ತಿತ್ತು. ನಿಂತಿತು. ಅವನು ನಿಂತನೆಂದು ಉಳಿದಿಬ್ಬರೂ ನಿಂತರು. "ನಾಳೆ ಬನ್ನಿ!" ಎಂದು ಕೂಗಿದ. ಆಮೇಲೆ ಏನೂ ಆಗಿಲ್ಲವೆಂಬಂತೆ ಕೋಲಿನಿಂದ ಡ್ರಮ್ಮಿನ ಅಂಚಿಗೆ ಟಕ್ ಟಕ್ ಟಕ್ ಟಕ್ ಎಂದು ನಾಲ್ಕು ಏಟು ಕೊಟ್ಟು ಮತ್ತೆ ಶುರುಮಾಡಿದ. ಸ್ಕೂಟರಿಗೆ ಕಿಕ್ ಹೊಡೆಯುವ ಮುಂಚೆ ಟ್ಯಾಂಕಿನ ಮೇಲೂ ಹಾಗೇ ನಾಲ್ಕು ಸಲ ತಟ್ಟುತ್ತಿದ್ದ, ಊಟಕ್ಕೆ ಕೂತರೆ ತಟ್ಟೆಗೂ.

ಹಾಡು ಮುಗಿದ ಮೇಲೆ ಗುಂಗುರು ಹಾರಾಡಿದ. "ಸ್ಕೂಟರ್ ರಿಪೇರಿ ಮಾಡೋನನ್ನ ಬ್ಯಾಂಡಿಗೆ ಸೇರಿಸ್ಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು! ಹಾಡೇ ಹಾಳಾಯ್ತು!"

ಮೇಸ್ತ್ರಿ ತಪ್ಪು ಮಾಡಿದ ಮಗುವಿನ ಮುಖ ಮಾಡಿಕೊಂಡು ನಿಂತಿದ್ದ.

ಗುಂಗುರು ಬ್ಲೇಡು ತೆಗೆದುಕೊಂಡು ಟೇಪಿನಿಂದ ಆ ಎರಡು ದನಿಗಳನ್ನೂ ಕತ್ತರಿಸಿದ. ತುದಿಗೆ ತುದಿ ಅಂಟಿಸಿದರೆ ಲಯ ಎಡವುತ್ತಿತ್ತು, ಅದಕ್ಕೆ ಅಷ್ಟೇ ಉದ್ದದ ಖಾಲಿ ಟೇಪು ಸೇರಿಸಿದ. ಕತ್ತರಿಸಿದ ಚೂರು ನೆಲದ ಮೇಲೆ ಬಿತ್ತು. ಸಂಜೆ ಮೇಸ್ತ್ರಿಯೇ ಅದನ್ನು ಕಬ್ಬಿಣದ ಪುಡಿಯ ಜೊತೆ ಗುಡಿಸಿ ಎಸೆದ.

*

ವ್ಯಾನಿನ ಡ್ರೈವರು ಗಡಿಯಾರ ನೋಡಿಕೊಂಡ. "ಹೊರಡೋಣ್ವಾ ಸಾರ್? ಹನ್ನೆರಡಕ್ಕೆ ಇನ್ನೊಂದು ಕಡೆ ಹೋಗ್ಬೇಕು."

"ಒಂದೇ ಹಾಡು, ಅಣ್ಣ," ಎಂದಳು ಗಿಟಾರು ಹೊತ್ತು ಬಂದ ಹುಡುಗಿ. ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು. ಎರಡು ವರ್ಷದಿಂದ ಇಂಥ ಹುಡುಗ ಹುಡುಗಿಯರಿಗೆ ನುಣ್ಣಗೆ ಉಜ್ಜಿದ ಸಂಗೀತ ಸಾಕಾಗಿ, ಶೆಡ್ಡುಗಳಲ್ಲಿ ಮಾಡಿದ ಒರಟು ಹಾಡುಗಳ ಹುಚ್ಚು ಹಿಡಿದಿತ್ತು. ಯಾರದೋ ಅಟ್ಟದಲ್ಲಿ ಸಿಕ್ಕ ಹಳೇ ಕ್ಯಾಸೆಟ್ಟಿನಿಂದ ಇವರ ಹಾಡು ಎದ್ದು ಬಂದಿತ್ತು. ಅದರಲ್ಲೂ ನಡುವಿನ ಆ ಮೌನಕ್ಕೆ ಎಲ್ಲರೂ ಮರುಳಾಗಿದ್ದರು. ಈ ಹುಡುಗಿಯರು ವೇದಿಕೆಯಲ್ಲಿ ಅದನ್ನು ಬಾರಿಸುತ್ತ ಅಲ್ಲಿಗೆ ಬಂದಾಗ ಇಡೀ ಸಭೆ ಉಸಿರು ಬಿಗಿಹಿಡಿಯುತ್ತಿತ್ತು.

ರೇಡಿಯೋದವರು ಗುಂಗುರುವನ್ನು ಕರೆಸಿ ಕೇಳಿದಾಗ ಅವನು ಹೇಳಿದ್ದ: "ಅದು ನನ್ನ ಕಲ್ಪನೆ. ಮೌನವೂ ಸಂಗೀತವೇ." ಹೇಳಿ ಹೊರಬಂದರೆ ಮೇಸ್ತ್ರಿಯ ಫೋನು. "ಚೆನ್ನಾಗಿ ಮಾತಾಡಿದೆ ಕಣೋ," ಎಂದ. ಅಷ್ಟೇ. ಬೈದಿದ್ದರೆ ಗುಂಗುರು ಆ ರಾತ್ರಿ ನಿದ್ದೆ ಮಾಡುತ್ತಿದ್ದ.

ಮೂಲೆಯಲ್ಲಿದ್ದ ಮೇಸ್ತ್ರಿಯ ಡ್ರಮ್ಮುಗಳನ್ನು ಹುಡುಗಿಯರು ಎಳೆದು ಜೋಡಿಸಿದರು. "ಶಟರ್ ಎಳೀರಿ," ಎಂದಳು ಹೆಂಡತಿ. "ತೆರೆದಿಟ್ಟು ಅವರು ಯಾವತ್ತೂ ಬಾರಿಸಿಲ್ಲ."

ಶಟರ್ ಇಳಿಯಿತು. ಡ್ರೈವರು ಹೊರಗುಳಿದ.

"ಅಂಕಲ್, ಮೊದಲು ನೀವು ಆ ಮೌನದ ಬಗ್ಗೆ ಎರಡು ಮಾತು ಹೇಳಿ," ಎಂದಳು ಗಿಟಾರಿನ ಹುಡುಗಿ.

ಎಲ್ಲರೂ ಗುಂಗುರುವಿನತ್ತ ತಿರುಗಿದರು. ರೇಡಿಯೋದಲ್ಲಿ ಹೇಳಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನೇ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದ ಒಬ್ಬನೇ ಒಬ್ಬ ಮೇಜಿನ ಮೇಲಿದ್ದ.

"ಅದು ನನ್ನದಲ್ಲ," ಎಂದ. "ಯಾರೋ ಶಟರ್ ಬಡಿದ್ರು, ಇವನು ಬಾರಿಸೋದು ನಿಲ್ಲಿಸಿ ನಾಳೆ ಬನ್ನಿ ಅಂತ ಕೂಗಿದ. ಮೌನ ಇರಲೇ ಇಲ್ಲ ಅಲ್ಲಿ. ಇವನ ದನಿ ಇತ್ತು. ನಾನೇ ಕತ್ತರಿಸಿ ಬಿಸಾಕಿದೆ, ಅತ್ತಿಗೆ. ಬೆಳಿಗ್ಗೆ ನೀವು ಕೇಳಿದಾಗ ಸುಳ್ಳು ಹೇಳಿದೆ."

ಹೆಂಡತಿ ಅವನನ್ನೇ ನೋಡಿದಳು.

"ಇದ್ದಿದ್ದೊಂದು ದನಿ. ಅದನ್ನೂ ಕಸಕ್ಕೆ ಹಾಕಿದೆಯಲ್ಲೋ!"

"ಹೌದು, ಅತ್ತಿಗೆ."

ಅವಳು ಮುಖ ತಿರುಗಿಸಿದಳು. "ಬಾರಿಸ್ರಮ್ಮ ನೀವು," ಎಂದಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಶುರುಮಾಡಿದರು. ಮೊದಮೊದಲು ಹಾಡು ಕುಂಟಿತು, ಆಮೇಲೆ ಹತ್ತಿಕೊಂಡಿತು. ಗೋಡೆಯ ಸ್ಪ್ಯಾನರುಗಳು ಅದುರತೊಡಗಿದವು. ಗುಂಗುರು ಶಟರಿಗೆ ಬೆನ್ನು ಕೊಟ್ಟು, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದ. ಹಾಡು ನಡುವಿಗೆ ಬಂತು. ಮೂವರೂ ಒಮ್ಮೆಗೇ ನಿಂತರು.

ಅವನ ಬೆನ್ನ ಹಿಂದೆ ಯಾರೋ ಶಟರ್ ದಡದಡನೆ ಬಡಿದರು. "ಆಯ್ತಾ ಸಾರ್? ಹೊತ್ತಾಯ್ತು!" ಡ್ರೈವರು.

"ನಾಳೆ ಬನ್ನಿ!"

ಕೂಗಿದ್ದು ಮೇಸ್ತ್ರಿಯ ಹೆಂಡತಿ. ಮೇಸ್ತ್ರಿಯ ಅದೇ ಗಡಸು, ಅದೇ ಅವಸರ, ಕೊನೆಯಲ್ಲಿ ಅದೇ ಎಳೆತ. ಮದುವೆಯಾಗಿ ಬಂದಂದಿನಿಂದ ದಿನವೂ ಮಹಡಿಯ ಮೇಲಿಂದ ಕೇಳಿಸಿಕೊಂಡಿದ್ದು. ಡ್ರಮ್ಮಿನ ಹುಡುಗಿ ಎತ್ತಿದ ಕೋಲುಗಳು ಎತ್ತಿದಂತೆಯೇ ಉಳಿದವು. ಹಾಡು ಮತ್ತೆ ಶುರುವಾಗಬೇಕಾದ ಹೊತ್ತು ಮೀರಿತು.

ಹೆಂಡತಿ ಕಣ್ಣೊರೆಸಿಕೊಳ್ಳಲಿಲ್ಲ. ಗುಂಗುರುವನ್ನು ಒಮ್ಮೆ ನೋಡಿ, ಬೆರಳ ಗೆಣ್ಣು ಮಡಚಿ, ಪೆಟ್ಟಿಗೆಯ ಹಲಗೆಯ ಮೇಲೆ ತಟ್ಟಿದಳು. ಟಕ್, ಟಕ್, ಟಕ್, ಟಕ್.