ಸಾರದೆ ಉಳಿದ ಹೆಸರು

ಏಳು ಹಳ್ಳದಾಚೆ, ಕಾಗೆಗಳೂ ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ, ಒಂದು ಊರಿತ್ತಂತೆ. ಆ ಊರಿನ ನಾಲಿಗೆ ನಾನು. ನಾನೊಂದು ಚರ್ಮದ ಹಲಗೆ, ಬಡಿದರೆ ನುಡಿಯುವವಳು.

ಹುಟ್ಟಿದ್ದೇ ಏಟಿನಿಂದ. ಆಡಿನ ಕತ್ತು ಕತ್ತರಿಸಿ, ಚರ್ಮ ಸುಲಿದು, ಕೂದಲು ಹೆರೆದು, ಮರದ ಬಳೆಗೆ ಬಿಗಿದರು. ಜೋಳದ ದಂಟಿನ ಉರಿಗೆ ಹಿಡಿದರು. ಮೈ ಬಿಗಿದುಕೊಂಡಾಗ ಮಾರೆಪ್ಪ ಕೋಲಿನಿಂದ ಬಡಿದ. ನನ್ನ ಮೊದಲ ಅಳು ಊರಿಗೆಲ್ಲ ಕೇಳಿತು.

ಮಾರೆಪ್ಪ ಡಂಗುರ ಸಾರುವವನು. ಅವನ ಸೊಂಟದಲ್ಲಿ ನೇತಾಡುತ್ತ ನಾನು ಊರು ನೋಡಿದೆ. ಗೌಡನ ಮೀಸೆಗಿಂತ ಮೊದಲು ನನಗೆ ಅವನ ಚಪ್ಪಲಿ ಪರಿಚಯ.

ನಮ್ಮಲ್ಲಿ ಹೇಳುವುದು ಬೇರೆ, ಸಾರುವುದು ಬೇರೆ. ಹೇಳುವುದು ಒಂದು ಕಿವಿಗೆ. ಸಾರುವುದು ಊರಿಗೆ, ಹಗಲಲ್ಲಿ, ಹೊಸ್ತಿಲಿಗೆ ಬಂದು ನಿಂತವರ ಮುಖ ನೋಡುತ್ತ. ಹೇಳಿದ್ದನ್ನು ಗೊತ್ತಿಲ್ಲವೆಂದು ಕೊಡವಿಕೊಳ್ಳಬಹುದು. ಸಾರಿದ್ದನ್ನು ಯಾರೂ ಹಾಗೆ ಅನ್ನುವಂತಿಲ್ಲ.

ಒಂದು ಬೇಸಿಗೆಯಲ್ಲಿ, ಕೆರೆಯ ನೀರು ಹಂಚುವ ನೀರಗಂಟಿ ಸಣ್ಯಲ್ಲಪ್ಪ ಕಾಣೆಯಾದ. ಗೌಡನ ಗದ್ದೆಗೆ ಕದ್ದು ನೀರು ಬಿಡಲು ಅವನು ಒಪ್ಪಿರಲಿಲ್ಲ. ಗೌಡನೇ ಅವನನ್ನು ತೂಬಿನ ಬಳಿ ಕೊಡಲಿಯಿಂದ ಕಡಿದು ಹೂತ. ಕೆರೆ ಏರಿಯ ಮೇಲಿದ್ದ ಮಾರೆಪ್ಪ ಕಂಡ, ನಾನೂ ಕಂಡೆ. ಅವನು ಹೆಂಡತಿ ದುರುಗವ್ವನಿಗೆ ಹೇಳಿದ, ಅವಳು ನೆರೆಯವಳಿಗೆ. ಸಂಜೆಯೊಳಗೆ ಇಡೀ ಊರಿಗೆ ಪಿಸುಮಾತಿನಲ್ಲಿ ಗೊತ್ತು.

ಸತ್ತವನ ತಾಯಿ ಈರವ್ವ ಅಳಲು ಕುಳಿತಳು. ಹಿರಿಯರು ಗದರಿದರು. "ಸಾವು ಸಾರದ ಹೊರತು ಅಳಬಾರ್ದಬೇ. ಮಗ ಬದುಕಿದ್ರ ಅವನ ಆಯುಷ್ಯ ಕಡಿಮಿ ಆಕ್ಕತಿ."

ಮರುದಿನ ಗೌಡ ಮಾರೆಪ್ಪನನ್ನು ಕರೆಸಿದ. "ಲೇ ಮಾರ್ಯಾ, ಸಣ್ಯಾ ಊರು ಬಿಟ್ಟು ಓಡಿಹೋದ ಅಂತ ಸಾರಲೇ."

ಮಾರೆಪ್ಪ ಚಾವಡಿಯ ಮುಂದೆ ನಿಂತು ನನ್ನನ್ನು ಬಡಿದ. "ಕೇಳ್ರಪೋ ಕೇಳ್ರಿ! ಸಣ್ಯಲ್ಲಪ್ಪ ಓಡಿಹೋಗಿಲ್ಲ! ಅವನ್ನ..."

ಗೌಡನ ಆಳುಗಳ ಬಡಿಗೆ ಅವನ ತಲೆಗೆ ಬಿತ್ತು. ಇನ್ನೊಂದು ಏಟಿಗೆ ದವಡೆ ಮುರಿಯಿತು. ಬಿಸಿ ರಕ್ತ ನನ್ನ ಮೇಲೆ ಹರಿಯಿತು. ಒಬ್ಬ ಕುಡುಗೋಲಿನಿಂದ ನನ್ನ ಚರ್ಮವನ್ನೂ ಸೀಳಿದ.

ಮಾರೆಪ್ಪ ಉಳಿಯಲಿಲ್ಲ. ಸಾಯುವ ಮುಂಚೆ ಹೆಂಡತಿಯ ಕೈಯನ್ನು ಎಳೆದು ನನ್ನ ಮೇಲಿಟ್ಟ. ಮಾತು ಹೊರಡಲಿಲ್ಲ. ಅವಳೇ ಅಂದಳು: "ಉಳಿದದ್ದು ನಾ ಸಾರ್ತೀನಿ. ನೀ ನಿಶ್ಚಿಂತಿಲೆ ಹೋಗು."

ಕೊಂದವರು ಯಾರೆಂದು ಕೇಳುತ್ತ ಪೊಲೀಸರು ಬಂದರು. ಊರಿಗೆಲ್ಲ ಒಂದೇ ಬಾಯಿ: "ನಮಗೇನ್ ಗೊತ್ರೀ ಸಾಹೇಬ್ರ? ಅದನ್ನ ಯಾರೂ ಸಾರಿಲ್ಲಲ್ಲ."

ದುರುಗವ್ವ ನನಗೆ ಹೊಸ ಚರ್ಮ ಬಿಗಿದಳು. ಬೀದಿಯವರು ನಕ್ಕರು. "ಹೆಣ್ಮಗಳು ಹಲಗಿ ಹಿಡಿಯಾಕತ್ತಾಳ! ಇನ್ನ ಮೀಸಿನೂ ಬಿಡ್ತೀಯೇನಬೇ ದುರುಗಿ?"

"ಬಿಟ್ಟಾವ್ರು ಏನ್ ಕಡದು ಕಟ್ಟಿ ಹಾಕೀರಿ?" ಎಂದಳು, ನನ್ನನ್ನು ಉರಿಯ ಮೇಲೆ ತಿರುಗಿಸುತ್ತ.

ನಡುಹಗಲಲ್ಲಿ ಚಾವಡಿಗೆ ಹೋದೆವು. ಅವಳ ಏಟಿಗೆ ಮಾರೆಪ್ಪನ ಹದವಿರಲಿಲ್ಲ. ಕಲ್ಲು ಎಸೆದಂತೆ ಬಡಿಯುತ್ತಿದ್ದಳು. ಆದರೂ ಹಲಗೆಯ ಸದ್ದಿಗೆ ಊರು ಹೊಸ್ತಿಲಿಗೆ ಬಂತು. ಅಭ್ಯಾಸಬಲ! ಗೌಡನೂ ಊಟದ ಕೈಯಲ್ಲೇ ತನ್ನ ಬಾಗಿಲಿಗೆ ಬಂದು ನಿಂತ.

"ಕೇಳ್ರಪೋ ಕೇಳ್ರಿ! ನೀರಗಂಟಿ ಸಣ್ಯಲ್ಲಪ್ಪ ಸತ್ತಾನ! ತೂಬಿನ ಹತ್ರ ಹುಗದಾರ!"

ಆಳುಗಳು ಓಡಿಬಂದರು. ಮೊದಲ ಏಟು ಅವಳ ಬಲಗೈಗೆ. ಎಲುಬು ಮುರಿದ ಸದ್ದು ನನ್ನ ಸದ್ದಿಗಿಂತ ಹತ್ತಿರ ಕೇಳಿತು. ಕೋಲು ಎಡಗೈಗೆ ಬಂತು.

"ಕಡದಾಂವ ಚನ್ನಬಸನಗೌಡ! ನನ್ನ ಗಂಡನ್ನ ಕೊಲ್ಲಿಸಿದಾಂವನೂ ಅವನ!"

ಮುಂದಿನ ಬಡಿಗೆ ನನ್ನನ್ನು ತೂರಿಕೊಂಡು ಹೋಯಿತು. ಚರ್ಮ ಹರಿಯಿತು, ಬಳೆ ಎರಡಾಯಿತು. ದುರುಗವ್ವ ನನ್ನ ಮೇಲೆಯೇ ಬಿದ್ದಳು. ಅವಳ ಎದೆ ಏರಿಳಿಯುತ್ತಿತ್ತು.

ಯಾವ ಬಾಗಿಲೂ ಮುಚ್ಚಲಿಲ್ಲ. ಕೇಳಿಲ್ಲ ಎನ್ನಲು ಇನ್ನು ಯಾರಿಗೂ ದಾರಿಯಿರಲಿಲ್ಲ.

ಆಗ ಈರವ್ವ ಮಗನ ಹೆಸರು ಹಿಡಿದು, ದನಿಯೆತ್ತಿ ಅಳತೊಡಗಿದಳು. ಹೊಸ್ತಿಲಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬೀದಿಗಿಳಿದು, ಗೌಡನ ಕಣ್ಣೆದುರೇ ಹೋಗಿ, ಅವಳ ಪಕ್ಕ ಕುಳಿತರು.